"ಬೇರೆ ಯಾರು ಮಾಡ್ಯಾರ್ರಿ?": ಕೆಲಸ ಬಿಟ್ಟು ಕುಸುಬೆ ಗಾಣ ಹಾಕಿದ ಅನುಭವ

ಕೆಲಸ ಬಿಟ್ಟು ಸ್ವಂತದ್ದೇನಾದರೂ ಮಾಡಬೇಕು ಅನ್ನುವವರ ಫೋನು ಈಗೀಗ ನನಗೆ ಜಾಸ್ತಿ ಬರುತ್ತಿದೆ. ಹಳೇ ಆಫೀಸಿನವರು, ಅವರ ಗೆಳೆಯರು, ಆ ಗೆಳೆಯರ ತಮ್ಮಂದಿರು. "ಅಷ್ಟು ಧೈರ್ಯ ಎಲ್ಲಿಂದ ಬಂತು?" ಅಂತಲೇ ಎಲ್ಲರೂ ಶುರು ಮಾಡುತ್ತಾರೆ. ಧೈರ್ಯದ ಬಗ್ಗೆ ಹೇಳೋಕೆ ನನ್ನ ಹತ್ತಿರ ಜಾಸ್ತಿ ಏನಿಲ್ಲ. ಕಾಗದಪತ್ರ, ಕಾಯುವುದು, ದುಡ್ಡು, ಇವುಗಳ ಬಗ್ಗೆ ಬೇಕಾದಷ್ಟಿದೆ. ಒಬ್ಬೊಬ್ಬರಿಗೂ ಅದನ್ನೇ ಹೇಳುವ ಬದಲು ಒಂದೇ ಸಲ ಬರೆದುಬಿಡೋಣ ಅನ್ನಿಸಿತು.

ನನ್ನ ತವರು ಅಣ್ಣಿಗೇರಿ ಕಡೆಯ ಒಂದು ಹಳ್ಳಿ. ಹತ್ತು ವರ್ಷದ ಮೇಲೆ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡಿದೆ. 2024ರ ಕೊನೆಯಲ್ಲಿ ಬಿಟ್ಟೆ. ಈಗ ಹುಬ್ಬಳ್ಳಿಯಲ್ಲಿ ಎರಡು ಮರದ ಗಾಣ ಇಟ್ಟುಕೊಂಡಿದ್ದೇನೆ. ಮುಖ್ಯವಾಗಿ ಕುಸುಬೆ (ಇಂಗ್ಲಿಷಿನಲ್ಲಿ ಸ್ಯಾಫ್ಲವರ್) ಎಣ್ಣೆ.

ಕುಸುಬೆ ಯಾಕೆ ಅಂತ ದಕ್ಷಿಣದ ಕಡೆಯವರು ಕೇಳುತ್ತಾರೆ, ಅದಕ್ಕೆ ಸ್ವಲ್ಪ ಹೇಳಿಬಿಡುತ್ತೇನೆ. ನಮ್ಮ ಎರೆ ಹೊಲಗಳಲ್ಲಿ ಹಿಂಗಾರಿಗೆ ಬಿಳಿಜೋಳ, ಗೋಧಿ, ಕಡಲೆ ಹಾಕುತ್ತಾರೆ. ನಡುನಡುವೆ ಅಕ್ಕಡಿ ಸಾಲಾಗಿ ಕುಸುಬೆ ಬಿತ್ತುತ್ತಿದ್ದರು. ಗಿಡಕ್ಕೆ ಮುಳ್ಳು ಇರುವುದರಿಂದ ದನ ಹೊಲಕ್ಕೆ ನುಗ್ಗುವುದಿಲ್ಲ. ಎಳೇ ಸೊಪ್ಪು ರೊಟ್ಟಿ ಜೊತೆ ತಿನ್ನೋಕೆ ಆಗುತ್ತದೆ. ಬೀಜ ರುಬ್ಬಿ ಹಾಲು ತೆಗೆದು ಹುಗ್ಗಿ ಮಾಡುತ್ತಾರೆ. ಅಣ್ಣಿಗೇರಿಯ ಕೃಷಿ ಸಂಶೋಧನಾ ಕೇಂದ್ರದಿಂದ ಬಂದ ಎ-1 ತಳಿಯನ್ನು ನಮ್ಮ ಅಪ್ಪ ಈಗಲೂ ಹೆಸರು ಹಿಡಿದೇ ಹೇಳುತ್ತಾರೆ. ಆಮೇಲೆ ಏನಾಯಿತು ಅಂದರೆ, ಮುಳ್ಳಿನ ಬೆಳೆ ಕೊಯ್ಯೋಕೆ ಆಳು ಸಿಗದಾಯಿತು, ಪಾಕೀಟಿನ ಪಾಮ್ ಎಣ್ಣೆ, ರಿಫೈನ್ಡ್ ಸೂರ್ಯಕಾಂತಿ ಎಣ್ಣೆ ಅಗ್ಗಕ್ಕೆ ಬಂತು. ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿನಿಂದಲೇ ಬರುತ್ತದೆ. ಕುಸುಬೆ ಬಿತ್ತುವವರು ಕಡಲೆ ಕಡೆ ಹೋದರು.

ನಾನು ಊರಿಂದ ತರುತ್ತಿದ್ದ ಕುಸುಬೆ ಎಣ್ಣೆಯನ್ನು ನಮ್ಮ ಅಪಾರ್ಟ್‌ಮೆಂಟಿನ ಹುಬ್ಬಳ್ಳಿ, ಗದಗ, ಬಿಜಾಪುರದ ಮಂದಿ ಕೇಳಿ ಕೇಳಿ ತೆಗೆದುಕೊಳ್ಳುತ್ತಿದ್ದರು. ಅಲ್ಲಿಂದ ಶುರು.

ನೌಕರಿ ಇರುವಾಗಲೇ ಮಾಡಿದ್ದು

ರಾಜೀನಾಮೆ ಕೊಡುವುದಕ್ಕೆ ಸುಮಾರು ಒಂದು ವರ್ಷ ಮುಂಚೆಯೇ ಮಾರೋಕೆ ಶುರು ಮಾಡಿದ್ದೆ. ಧಾರವಾಡ ಕಡೆ ಲೈಸೆನ್ಸ್ ಇರುವ ಒಬ್ಬರ ಗಾಣದಲ್ಲಿ ನಮ್ಮ ಹೊಲದ ಕುಸುಬೆ ಆಡಿಸಿ, ಅವರ ಲೇಬಲ್‌ನಲ್ಲೇ ತುಂಬಿಸಿ ಬೆಂಗಳೂರಿಗೆ ತರಿಸುತ್ತಿದ್ದೆ. ಲಾಭ ಅಂತ ಹೆಚ್ಚೇನೂ ಉಳಿಯಲಿಲ್ಲ. ಆದರೆ ಎರಡು ವಿಷಯ ಗೊತ್ತಾಯಿತು. ಒಮ್ಮೆ ತಗೊಂಡವರಲ್ಲಿ ಎಷ್ಟು ಮಂದಿ ಮತ್ತೆ ಬರುತ್ತಾರೆ, ಮತ್ತು ಎಷ್ಟು ಬೆಲೆಗೆ ಮುಖ ತಿರುಗಿಸುತ್ತಾರೆ. ಪ್ರತಿ ಮಾರಾಟದ ದುಡ್ಡನ್ನೂ ಯುಪಿಐನಲ್ಲೇ, ಬೇರೆಯದೇ ಒಂದು ಖಾತೆಗೆ ಹಾಕಿಸಿಕೊಂಡೆ. ಈ ಖಾತೆಯ ಪುಸ್ತಕ ಮುಂದೆ ಬ್ಯಾಂಕಿನಲ್ಲಿ ಹೇಗೆ ಕೆಲಸಕ್ಕೆ ಬಂತು ಅಂತ ಆಮೇಲೆ ಹೇಳುತ್ತೇನೆ. ನೀವು ಬೇರೆ ಏನನ್ನೇ ಮಾಡಲು ಹೊರಟಿದ್ದರೂ ಇದನ್ನೊಂದು ತಪ್ಪಿಸಬೇಡಿ.

ಲೆಕ್ಕ ಹೀಗಿದೆ. ನಾಲ್ಕು ಕೆಜಿ ಕುಸುಬೆಗೆ ಹೆಚ್ಚೂಕಡಿಮೆ ಒಂದು ಲೀಟರ್ ಎಣ್ಣೆ ಬರುತ್ತದೆ. ಶೇಂಗಾಕ್ಕೆ ಎರಡೂವರೆ ಕೆಜಿ ಕಾಳು ಸಾಕು. 2025-26ರ ಮಾರಾಟ ಹಂಗಾಮಿಗೆ ಕುಸುಬೆಗೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್‌ಗೆ 5,940 ರೂಪಾಯಿ ಇತ್ತು. ಅಂದರೆ ಒಂದು ಲೀಟರಿಗೆ ಬೀಜದ ದುಡ್ಡೇ 240ರ ಹತ್ತಿರ. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ ಮಾರಿದರೆ ಸ್ವಲ್ಪ ವಾಪಸ್ ಬರುತ್ತದೆ. ಕೂಲಿ, ಕರೆಂಟು, ಬಾಡಿಗೆ, ಡಬ್ಬಿ ಸೇರಿಸಿದರೆ 350ಕ್ಕಿಂತ ಕಡಿಮೆಗೆ ಮಾರಿದರೆ ನಮಗೇ ಹೊರೆ. ಪಕ್ಕದ ಅಂಗಡಿಯಲ್ಲಿ ರಿಫೈನ್ಡ್ ಎಣ್ಣೆ ಆಗ ಅದರ ಅರ್ಧಕ್ಕಿಂತ ಕಡಿಮೆಗೆ ಸಿಗುತ್ತಿತ್ತು. ಇದೆಲ್ಲಾ ಗೊತ್ತಿದ್ದೇ ಇಳಿದೆ.

ನಾನೂ ನನ್ನ ಗಂಡನೂ ಕೂತು ಒಂದು ಹಾಳೆಯ ಮೇಲೆ ಬರೆದೆವು: ಈ ಕೆಲಸದಲ್ಲಿ ಎಷ್ಟು ಹಣ ಹೋದರೆ ನಿಲ್ಲಿಸಬೇಕು ಅಂತ. ನಮ್ಮದು 6 ಲಕ್ಷ. ಸಾಲ ಬಿಟ್ಟು, ಕೈಯಿಂದ ಹೋಗುವ ಹಣ. ಆ ಹಾಳೆಗೆ ಇಬ್ಬರೂ ಸಹಿ ಹಾಕಿದೆವು. ಅವರ ನೌಕರಿ ಮುಂದುವರಿಯಿತು, ಮನೆಯಿಂದ ಕೆಲಸ ಮಾಡಲು ಒಪ್ಪಿಗೆ ಸಿಕ್ಕಿತು, ಅದಕ್ಕೇ ಹುಬ್ಬಳ್ಳಿಗೆ ಬರೋಕೆ ಆಯಿತು. ಇದನ್ನು ಮುಚ್ಚಿಟ್ಟು "ಎಲ್ಲಾ ಬಿಟ್ಟು ಹಾರಿದೆ" ಅಂತ ಹೇಳಿಕೊಳ್ಳುವುದು ನನಗೆ ಇಷ್ಟವಿಲ್ಲ. ಮನೆಯಲ್ಲಿ ಒಂದೂ ಸಂಬಳ ಇಲ್ಲದೆ ಇದನ್ನು ಮಾಡುವವರಿಗೆ ನನ್ನ ಲೆಕ್ಕ ಹೊಂದುವುದಿಲ್ಲ.

ರಾಜೀನಾಮೆ

ತೊಂಬತ್ತು ದಿನದ ನೋಟಿಸು. ಆ ಸಮಯದಲ್ಲಿ ಮುಗಿಸಬೇಕಾದ ಕೆಲಸಗಳು ಬೇಕಾದಷ್ಟಿರುತ್ತವೆ, ಯಾರೂ ಹೇಳಿಕೊಡುವುದಿಲ್ಲ. ಕಂಪನಿಯ ಆರೋಗ್ಯ ವಿಮೆ ಕೊನೆಯ ದಿನಕ್ಕೇ ಮುಗಿಯುತ್ತದೆ. ಹೊಸ ಪಾಲಿಸಿ ತಗೊಂಡರೆ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಯಾವುದಕ್ಕೂ ಸಿಗುವುದಿಲ್ಲ. ಮೊದಲೇ ಇರುವ ಬಿಪಿ, ಸಕ್ಕರೆ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ಅದಕ್ಕೆ ಕೆಲಸದಲ್ಲಿ ಇರುವಾಗಲೇ ಅದೇ ವಿಮಾ ಕಂಪನಿಗೆ ಬರೆದು, ಗುಂಪಿನ ಪಾಲಿಸಿಯಿಂದ ಸ್ವಂತ ಪಾಲಿಸಿಗೆ ವರ್ಗ ಮಾಡಿಸಿಕೊಳ್ಳಿ. ಕಾದ ವರ್ಷಗಳು ಲೆಕ್ಕಕ್ಕೆ ಬರುತ್ತವೆ. ಐದು ವರ್ಷ ದಾಟಿದ್ದರೆ ಗ್ರಾಚ್ಯುಟಿ ಕೇಳಿ ಪಡೆಯಿರಿ. ಪಿಎಫ್ ಹಣ ಮಾತ್ರ ನಾನು ಮುಟ್ಟಲಿಲ್ಲ. ಕ್ರೆಡಿಟ್ ಕಾರ್ಡಿನ ಬಾಕಿ ಪೂರ್ತಿ ತೀರಿಸಿದೆ, ಸಾಲ ಕೊಡುವಾಗ ಬ್ಯಾಂಕಿನವರು ನೋಡುವ ಸಿಬಿಲ್ ಅಂಕಿ ಮುಂದೆ ಬೇಕಾಗುತ್ತದೆ ಅಂತ.

ಆಫೀಸಿನಲ್ಲಿ ಯಾರಿಗೂ ಎಣ್ಣೆಯ ವಿಷಯ ನಂಬಿಕೆ ಬರಲಿಲ್ಲ. ಬೇರೆ ಕಂಪನಿಗೆ ಹೋಗುತ್ತಿದ್ದೀನಿ, ಸುಮ್ನೆ ಹೇಳುತ್ತಿದ್ದೀನಿ ಅಂದುಕೊಂಡರು. ನನ್ನ ಜೊತೆಗೇ ಸೇರಿದವರೆಲ್ಲಾ ವೈಟ್‌ಫೀಲ್ಡು, ಸರ್ಜಾಪುರದ ಕಡೆ ಫ್ಲಾಟು ತಗೊಂಡು ಇಪ್ಪತ್ತು ವರ್ಷದ ಕಂತಿಗೆ ಸಹಿ ಹಾಕಿದ್ದರು. ಅದನ್ನು ಯಾರೂ ಅಪಾಯ ಅಂತ ಕರೆಯುವುದಿಲ್ಲ. ನನ್ನ ಸಾಲ ಅವರ ಸಾಲದ ಹತ್ತನೇ ಒಂದು ಭಾಗವೂ ಇರಲಿಲ್ಲ, ಆದರೆ "ಹುಷಾರು ಕಣೇ" ಅಂತ ಹೇಳಿದ್ದು ನನಗೆ.

ಮನೆಯಲ್ಲಿ ಬೇರೆ ತರಹ. ಅವ್ವ ಕೇಳಿದ್ದು, "ಬಿಇ ಓದಿಸಿ ಎಣ್ಣಿ ಮಾರಾಕ ಕಳಿಸಿದ್ವಿ ಅಂತಾರಲ್ಲವಾ ಮಂದಿ?" ಅಪ್ಪ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, "ಗಾಣಕ್ಕ ನಂದೇನೂ ಇಲ್ಲ. ಸಾಲ ಅಂದ್ರ ನನಗ ಅಂಜಿಕಿ, ಅಷ್ಟ" ಅಂದರು. ಅತ್ತೆ ಒಂದೇ ಮಾತು ಕೇಳಿದರು: "ಕುಸುಬಿ ಗಾಣ ಬೇರೆ ಯಾರು ಹಾಕ್ಯಾರವಾ ಇಲ್ಲೆ?" ಹಳೇ ಗಾಣಿಗರ ಮನೆಗಳು ಒಂದೆರಡಿದ್ದವು, ಹೊಸದಾಗಿ ಹಾಕಿದವರೆಲ್ಲಾ ಶೇಂಗಾ, ಕೊಬ್ಬರಿ. ಮುಂದೆ ಹೋದಲ್ಲೆಲ್ಲಾ ಈ ಪ್ರಶ್ನೆ ಎದುರಾಯಿತು.

ಜಾಗ

ಮೊದಲು ಯೋಚಿಸಿದ್ದು ನಮ್ಮ ಊರಿನಲ್ಲೇ, ಕಾಕಾ ಅವರ ಹೊಲದ ಬದಿಯ ಶೆಡ್ಡಿನಲ್ಲಿ. ಬಾಡಿಗೆ ಇಲ್ಲ, ರಸ್ತೆ ಪಕ್ಕ, ಕುಸುಬೆ ಹತ್ತಿರ. ಎಲ್ಲಾ ಚೆನ್ನಾಗಿತ್ತು. ಆದರೆ ಆ ಜಾಗ ಎನ್.ಎ. ಆಗಿರಲಿಲ್ಲ, ಅಂದರೆ ಕೃಷಿಯೇತರ ಅಂತ ಪರಿವರ್ತನೆ ಆಗಿರಲಿಲ್ಲ. ಪಂಚಾಯಿತಿಯಲ್ಲಿ ನಮೂನೆ 9, 11 ಅನ್ನುವ ಆಸ್ತಿ ದಾಖಲೆ ಇಲ್ಲದೆ ವ್ಯಾಪಾರದ ಪರವಾನಗಿ ಸಿಗುವುದಿಲ್ಲ. ಪರವಾನಗಿ ಇಲ್ಲದೆ ಬ್ಯಾಂಕು ಒಪ್ಪುವುದಿಲ್ಲ. ಎನ್.ಎ. ಮಾಡಿಸಬೇಕೆಂದರೆ ಪಹಣಿಯಲ್ಲಿ ಹೆಸರಿರುವ ಅಷ್ಟೂ ಅಣ್ಣತಮ್ಮಂದಿರ ಸಹಿ ಬೇಕು. ಅವರಲ್ಲಿ ಇಬ್ಬರು ಒಬ್ಬರಿಗೊಬ್ಬರು ಮಾತಾಡುವುದಿಲ್ಲ!

ಅದನ್ನು ಬಿಟ್ಟು ಹುಬ್ಬಳ್ಳಿಯಲ್ಲಿ ಬಾಡಿಗೆಗೆ ಹುಡುಕಿದೆವು. ನಗರದೊಳಗೆ ಮನೆಗಳ ನಡುವೆ ಮೋಟಾರು ಓಡಿಸಲು ಯಾರೂ ಕೊಡಲಿಲ್ಲ. ಕೊನೆಗೆ ಹಳೇ ಹಿಟ್ಟಿನ ಗಿರಣಿ ಇದ್ದ ಜಾಗ ಸಿಕ್ಕಿತು. ಗಿರಣಿ ಜಾಗ ಹುಡುಕಿ ಅಂತ ಎಲ್ಲರಿಗೂ ಹೇಳುತ್ತೇನೆ. ಅಕ್ಕಪಕ್ಕದವರಿಗೆ ಸದ್ದು ಅಭ್ಯಾಸ ಆಗಿರುತ್ತದೆ, ನೆಲ ಗಟ್ಟಿ ಇರುತ್ತದೆ. ಬಾಡಿಗೆ 14 ಸಾವಿರ, ಮುಂಗಡ ಒಂದೂವರೆ ಲಕ್ಷ. ಬಾಡಿಗೆ ಕರಾರು ಹನ್ನೊಂದು ತಿಂಗಳದ್ದು ಮಾಡಿಸಬೇಡಿ. ಸಾಲದ ಅವಧಿಗೆ ಹೊಂದುವಷ್ಟು ದೊಡ್ಡದು ಮಾಡಿಸಿ, ನೋಂದಣಿ ಮಾಡಿಸಿ. ನಮಗೆ ಬ್ಯಾಂಕಿನವರು ಇದನ್ನೇ ಕೇಳಿದ್ದು.

ಅರ್ಜಿ ಮತ್ತು ಬ್ಯಾಂಕು

ಮೊದಲು ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸುವುದು. ಆಧಾರ್ ಇದ್ದರೆ ಮನೆಯಲ್ಲೇ ಕೂತು ಮಾಡಬಹುದು, ಒಂದು ಪೈಸೆ ಖರ್ಚಿಲ್ಲ. ಹುಡುಕಿದಾಗ ಮೊದಲು ಕಾಣುವ ಕೆಲವು ಜಾಲತಾಣಗಳು ಸಾವಿರ, ಎರಡು ಸಾವಿರ ಕೇಳುತ್ತವೆ, ಅವು ಸರ್ಕಾರದ್ದಲ್ಲ. ನನಗೆ ಇಲ್ಲೇ ತಡೆ ಬಂತು. ಆಧಾರ್‌ನಲ್ಲಿ ಮದುವೆ ನಂತರದ ಹೆಸರು, ಪ್ಯಾನ್‌ನಲ್ಲಿ ಅಪ್ಪನ ಹೆಸರು ಸೇರಿದ ಹಳೇ ಹೆಸರು. ಎರಡೂ ತಾಳೆಯಾಗಲಿಲ್ಲ. ಸರಿ ಮಾಡಿಸಿಕೊಂಡು ಬರುವಷ್ಟರಲ್ಲಿ ವಾರಗಳೇ ಹೋದವು. ಮದುವೆಯಾದ ಹೆಣ್ಣುಮಕ್ಕಳು ಬೇರೆ ಏನು ಮಾಡುವ ಮೊದಲು ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಸಾಲಕ್ಕೆ ನಾನು ಹಿಡಿದದ್ದು ಕೇಂದ್ರ ಸರ್ಕಾರದ ಪಿಎಂಎಫ್‌ಎಂಇ ಯೋಜನೆ. 2020ರಲ್ಲಿ ಶುರುವಾದದ್ದು, ಸಣ್ಣ ಆಹಾರ ಘಟಕಗಳಿಗೆ. ಯಂತ್ರದ ವೆಚ್ಚದ ಮೇಲೆ 35 ಶೇಕಡಾ ಸಹಾಯಧನ, ಕರ್ನಾಟಕದಲ್ಲಿ ರಾಜ್ಯ ಸರ್ಕಾರ ಇನ್ನೂ 15 ಸೇರಿಸಿ ಒಟ್ಟು 50 ಶೇಕಡಾ, ಹೆಚ್ಚೆಂದರೆ 15 ಲಕ್ಷ. ನಮ್ಮ ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ಕೆಪೆಕ್, ಅಂದರೆ ರಾಜ್ಯದ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮ. ಜಿಲ್ಲೆಗೊಬ್ಬರು ಇಬ್ಬರು ಸಂಪನ್ಮೂಲ ವ್ಯಕ್ತಿಗಳು ಇರುತ್ತಾರೆ, ಅರ್ಜಿ, ಯೋಜನಾ ವರದಿ ಎಲ್ಲಾ ಅವರೇ ಮಾಡಿಸಿಕೊಡುತ್ತಾರೆ. ಸಾಲ ಮಂಜೂರಾದರೆ ಅವರಿಗೆ ಸರ್ಕಾರವೇ ಹಣ ಕೊಡುತ್ತದೆ, ನೀವು ಕೊಡಬೇಕಿಲ್ಲ. ಯೋಜನೆಯ ಅವಧಿಯನ್ನು 2025-26ರವರೆಗೆ ವಿಸ್ತರಿಸಿದ್ದರು. ನೀವು ಓದುವ ಹೊತ್ತಿಗೆ ನಡೆಯುತ್ತಿದೆಯಾ ಅಂತ ಮೊದಲು ಕೇಳಿಕೊಳ್ಳಿ.

ಜನ ತಪ್ಪು ತಿಳಿಯುವ ಒಂದು ವಿಷಯ ಇಲ್ಲಿದೆ. ಈ ಸಹಾಯಧನ ನಿಮ್ಮ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲಿ ನಿಮ್ಮ ಸಾಲದ ಪಕ್ಕದಲ್ಲೇ ಬೇರೆ ಖಾತೆಯಲ್ಲಿ ಮೂರು ವರ್ಷ ಕೂತಿರುತ್ತದೆ. ಅಷ್ಟು ಹಣದ ಮೇಲೆ ಬಡ್ಡಿ ಹಾಕುವುದಿಲ್ಲ. ಮೂರು ವರ್ಷ ಕಂತು ಸರಿಯಾಗಿ ಕಟ್ಟಿ, ಘಟಕ ನಡೆಯುತ್ತಿದ್ದರೆ ಆಗ ಸಾಲಕ್ಕೆ ಜಮಾ ಆಗುತ್ತದೆ. ಅಲ್ಲಿಯವರೆಗೆ ಪೂರ್ತಿ ಸಾಲ ನಿಮ್ಮ ತಲೆಯ ಮೇಲೇ ಇದೆ ಅಂತ ಲೆಕ್ಕ ಹಾಕಿ. ಹತ್ತು ಶೇಕಡಾ ಹಣ ನಾವು ಹಾಕಬೇಕು. ಜಮೀನು ಕೊಳ್ಳುವ ಹಣ, ಕಚ್ಚಾ ಮಾಲಿನ ಹಣ ಸಹಾಯಧನದಲ್ಲಿ ಬರುವುದಿಲ್ಲ.

ಇನ್ನೊಂದು ತೊಡಕು. ಈ ಯೋಜನೆಯಲ್ಲಿ ಜಿಲ್ಲೆಗೊಂದು ಉತ್ಪನ್ನ ಅಂತ ಇದೆ. ಧಾರವಾಡಕ್ಕೆ ಮಾವು. ಚಿತ್ರದುರ್ಗಕ್ಕೆ ಶೇಂಗಾ. ಕುಸುಬೆ ನಮ್ಮ ಜಿಲ್ಲೆಯದಲ್ಲ. ಶುರುವಿನಲ್ಲಿ ಹೊಸ ಘಟಕಗಳಿಗೆ ಆಯಾ ಜಿಲ್ಲೆಯ ಉತ್ಪನ್ನವೇ ಆಗಬೇಕು ಅಂತಿತ್ತು, ಆಮೇಲೆ ಸಡಿಲ ಮಾಡಿದರು. ಆದರೆ ಸಡಿಲವಾದದ್ದು ಎಲ್ಲಾ ಮೇಜಿಗೂ ತಲುಪಿರುವುದಿಲ್ಲ. ತಿದ್ದುಪಡಿಯ ಪ್ರತಿ ಕೈಯಲ್ಲಿಟ್ಟುಕೊಂಡೇ ಓಡಾಡಿದೆ.

ಬ್ಯಾಂಕಿನ ಮ್ಯಾನೇಜರು ಒಳ್ಳೆಯವರು. ಚಹಾ ಹೇಳಿದರು. ವರದಿ ತಿರುವಿ ಹಾಕಿ, "ಕುಸುಬಿ? ಈಗ ಯಾರ ತಿಂತಾರ್ರಿ ಮೇಡಂ ಅದನ್ನ? ಬೇರೆ ಯಾರು ಮಾಡ್ಯಾರ್ರಿ? ಶೇಂಗಾ ಅಂತ ಬರದ ತರ್ರಿ, ಎಲ್ಲಾರೂ ಅದನ್ನ ಮಾಡ್ತಾರ, ಮ್ಯಾಲಿನ ಆಫೀಸಿನ್ಯಾಗ ಲಗೂನ ಪಾಸ್ ಆಗ್ತೈತಿ" ಅಂದರು. ಆಮೇಲೆ, "ನಿಮ್ಮ ಯಜಮಾನ್ರು ಬಂದಿಲ್ಲೇನ್ರಿ?"

ಯಜಮಾನರು ಬಂದಿರಲಿಲ್ಲ. ಕಾಗದದಲ್ಲಿ ಶೇಂಗಾ ಬರೆದು ಕುಸುಬೆ ಮಾಡಬಹುದಿತ್ತು, ಸುಮಾರು ಜನ ಹಾಗೇ ಮಾಡುತ್ತಾರೆ. ಆದರೆ ಕುಸುಬೆಗೆ ಸಿಪ್ಪೆ ಬಿಡಿಸುವ ಯಂತ್ರ ಬೇರೆ, ಅದರ ದರಪಟ್ಟಿ ಬೇರೆ. ಶೇಂಗಾ ಅಂತ ಬರೆದರೆ ಆ ಯಂತ್ರಕ್ಕೆ ಸಾಲ ಸಿಗುವುದಿಲ್ಲ. ನಾನು ಆ ಯುಪಿಐ ಖಾತೆಯ ಒಂದು ವರ್ಷದ ಪಟ್ಟಿ ತೆಗೆದು ಮುಂದಿಟ್ಟೆ. ಮತ್ತೆ ಮತ್ತೆ ಬಂದ ಹೆಸರುಗಳಿಗೆ ಹಳದಿ ಗೆರೆ ಎಳೆದಿದ್ದೆ. ಯೋಜನಾ ವರದಿ ನೋಡಿದ್ದಕ್ಕಿಂತ ಜಾಸ್ತಿ ಹೊತ್ತು ಅವರು ಅದನ್ನು ನೋಡಿದರು. "ಇವ್ರೆಲ್ಲಾ ಬೆಂಗಳೂರಾಗ ಇರೋವ್ರೇನ್ರಿ?" ಅಂತ ಕೇಳಿದರು. ಹೌದು ಅಂದೆ. ಅಲ್ಲಿಂದ ಮಾತಿನ ಧಾಟಿ ಬದಲಾಯಿತು.

ಅಡಮಾನ ಕೇಳಿದರು, ಅಪ್ಪನ ಹೊಲ ಕೊಡ್ರಿ ಅಂತ. ಅಪ್ಪನ ಅಂಜಿಕೆ ಇದ್ದದ್ದೇ ಅದಕ್ಕೆ. ನಾನು ಅರ್ಜಿ ಹಾಕಿದಾಗ ಸಣ್ಣ ಉದ್ಯಮಗಳ 10 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳಬಾರದು ಅನ್ನುವ ರಿಸರ್ವ್ ಬ್ಯಾಂಕಿನ ನಿಯಮವಿತ್ತು. ನನ್ನ ಯೋಜನೆ ಒಟ್ಟು ಒಂಬತ್ತೂವರೆ ಲಕ್ಷದ್ದು, ಸಾಲ ಎಂಟೂವರೆ ಲಕ್ಷ. ಬೇಕಂತಲೇ 10ರ ಕೆಳಗೆ ಇಟ್ಟಿದ್ದೆ. ಸುತ್ತೋಲೆ ಮುದ್ರಿಸಿ ಫೈಲಿಗೆ ಸೇರಿಸಿದೆ. ಜಗಳ ಮಾಡಲಿಲ್ಲ, "ಸರ್, ಸಿಜಿಟಿಎಂಎಸ್‌ಇ ಖಾತರಿ ಅಡಿಯಲ್ಲಿ ಮಾಡಿಕೊಡಿ, ಅದರ ಶುಲ್ಕ ನಾನೇ ಕಟ್ಟುತ್ತೇನೆ" ಅಂದೆ. ಅಡಮಾನ ಇಲ್ಲದ ಸಾಲಕ್ಕೆ ಬ್ಯಾಂಕಿಗೆ ಸಿಗುವ ಸರ್ಕಾರದ ಖಾತರಿ ಅದು. ಒಪ್ಪಿದರು.

ಆಮೇಲೆ ಕಾಯುವುದು. ಅರ್ಜಿ ಜಾಲತಾಣದಲ್ಲಿ ಬೇರೆ ಶಾಖೆಗೆ ಹೋಗಿ ಕೂತಿತ್ತು, ಅದು ಗೊತ್ತಾಗಲೇ ತಿಂಗಳು ಹಿಡಿಯಿತು. ಮಾರ್ಚ್ ಕೊನೆಗೆ ಬ್ಯಾಂಕಿನವರು ವರ್ಷದ ಲೆಕ್ಕದಲ್ಲಿ ಮುಳುಗಿರುತ್ತಾರೆ, ಹೊಸ ಸಾಲ ಮುಟ್ಟುವುದಿಲ್ಲ. ಏಪ್ರಿಲ್‌ನಲ್ಲಿ ಮ್ಯಾನೇಜರ ವರ್ಗ ಆಗುವ ಮಾತು ಬಂತು. ಸಂಬಳ ನಿಂತು ತಿಂಗಳುಗಳಾಗಿದ್ದವು, ಖಾಲಿ ಗಿರಣಿಗೆ ಬಾಡಿಗೆ ಕಟ್ಟುತ್ತಿದ್ದೆ. ಬೆಳಿಗ್ಗೆ ಮಗನನ್ನು ಶಾಲೆಗೆ ಬಿಟ್ಟು ಬಂದರೆ ಮಾಡೋಕೆ ಏನೂ ಕೆಲಸ ಇರುತ್ತಿರಲಿಲ್ಲ. ಹಳೇ ಆಫೀಸಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಸಂಬಳ ಹೆಚ್ಚಾದ ಸುದ್ದಿ ಬರುತ್ತಿತ್ತು. ಅತ್ತೆಗೆ ಮುಖ ತೋರಿಸಲು ಕಷ್ಟವಾಗುತ್ತಿತ್ತು, ಅವರು ಏನೂ ಅಂದಿರಲಿಲ್ಲ, ಆದರೂ. ರಿಸ್ಕ್ ತಗೊಳ್ಳಿ ಅಂತ ಭಾಷಣ ಮಾಡುವವರು ಈ ತಿಂಗಳುಗಳ ಬಗ್ಗೆ ಏನೂ ಹೇಳುವುದಿಲ್ಲ. ಈ ಕಾಲಕ್ಕೆ ಆರು ತಿಂಗಳ ಮನೆ ಖರ್ಚು ಬೇರೆ ಇಟ್ಟಿರದಿದ್ದರೆ ನಾನು ಹಳೇ ಕೆಲಸಕ್ಕೆ ಫೋನ್ ಮಾಡುತ್ತಿದ್ದೆ, ಅದರಲ್ಲಿ ಅನುಮಾನವಿಲ್ಲ.

ಯಂತ್ರ, ಕರೆಂಟು

ಮರದ ಗಾಣ ಮಾಡುವವರು ಕೊಯಮತ್ತೂರಿನಲ್ಲಿ ಬಹಳ ಮಂದಿ ಇದ್ದಾರೆ. ಎತ್ತಿನ ಬದಲು ಮೂರು ಎಚ್‌ಪಿ ಮೋಟಾರು, ಒರಳು ಒನಕೆ ಬಾಗೆ ಮರದ್ದು. ಫೋನಿನಲ್ಲಿ ಎಲ್ಲರೂ "ಎಲ್ಲಾ ಬೀಜಕ್ಕೂ ಆಗುತ್ತೆ ಮೇಡಂ" ಅನ್ನುತ್ತಾರೆ. ನಾನು ಒಂದು ಚೀಲ ಕುಸುಬೆ ಹೊತ್ತುಕೊಂಡು ರೈಲಿನಲ್ಲಿ ಹೋದೆ. ಮೊದಲು ಹೋದಲ್ಲಿ ಶೇಂಗಾ ಹಾಕಿ ತೋರಿಸಿದರು, ಎಣ್ಣೆ ಚೆನ್ನಾಗಿ ಬಂತು. ನನ್ನ ಚೀಲ ಬಿಚ್ಚಿದಾಗ ಮುಖ ಸಣ್ಣದಾಯಿತು. ಸಿಪ್ಪೆ ಸಮೇತ ಹಾಕಿದ್ದಕ್ಕೆ ಒನಕೆ ಬಿಸಿಯಾಗಿ ಹೊಗೆ ವಾಸನೆ. ಇನ್ನೊಬ್ಬರ ಹತ್ತಿರ ಸಿಪ್ಪೆ ಅರ್ಧಂಬರ್ಧ ಬಿಡಿಸಿ ಹಾಕಿದಾಗ ಸರಿಯಾಗಿ ಬಂತು. ಪೂರ್ತಿ ಬಿಡಿಸಿದರೂ ಕಷ್ಟ, ಹಿಂಡಿ ಕೂರುವುದಿಲ್ಲ. ಗಾಣ ಕೊಳ್ಳುವವರು ನಿಮ್ಮ ಬೀಜವನ್ನೇ ತಗೊಂಡು ಹೋಗಿ, ನಿಮ್ಮೆದುರಿಗೇ ಆಡಿಸಿ ನೋಡಿ. ಎರಡು ಗಾಣ, ಸಿಪ್ಪೆ ಯಂತ್ರ, ಜರಡಿ, ಸ್ಟೀಲ್ ಟಾಕಿಗಳು, ತುಂಬುವ ಯಂತ್ರ ಸೇರಿ ಎಂಟು ಲಕ್ಷ ದಾಟಿತು. ಲಾರಿ ಬಾಡಿಗೆ, ಇಳಿಸುವ ಕೂಲಿ, ಅಡಿಪಾಯ ಬೇರೆ.

ಯಂತ್ರ ಬಂದು ನಿಂತಿತು, ಕರೆಂಟು ಬರಲಿಲ್ಲ. ಗಿರಣಿಯ ಹಳೇ ಸಂಪರ್ಕ ಬಾಕಿ ಉಳಿಸಿಕೊಂಡು ಕಡಿತ ಆಗಿತ್ತು, ಆ ಬಾಕಿ ಮಾಲೀಕರದ್ದೋ ಹಳೇ ಬಾಡಿಗೆದಾರರದ್ದೋ ಅಂತ ತಕರಾರು. ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ಕರೆಂಟ್ ಬಿಲ್ಲಿನಲ್ಲಿರುವ ಮೀಟರಿನ ಆರ್.ಆರ್. ನಂಬರ್ ತಗೊಂಡು ಬಾಕಿ ನೋಡಿ. ಕೊನೆಗೆ ಮಾಲೀಕರು ಅರ್ಧ, ನಾವು ಅರ್ಧ ಕಟ್ಟಿ, ಮೂರು ಫೇಸಿನ ಸಂಪರ್ಕಕ್ಕೆ ಹೊಸದಾಗಿ ಠೇವಣಿ ಇಟ್ಟೆವು. ಪುಣ್ಯಕ್ಕೆ ಸಾಲದ ಕಂತು ಆರು ತಿಂಗಳು ಬಿಟ್ಟು ಶುರುವಾಗುವಂತೆ ಮೊದಲೇ ಬರೆಸಿಕೊಂಡಿದ್ದೆ. ಕೇಳಿದರೆ ಕೊಡುತ್ತಾರೆ, ಕೇಳಬೇಕು ಅಷ್ಟೆ.

ಲೈಸೆನ್ಸು, ಲೇಬಲ್ಲು

ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆಯ ಪ್ರಾಧಿಕಾರ) ವಿಷಯದಲ್ಲಿ ನಾನು ಅರ್ಜಿ ಹಾಕಿದಾಗ ಇದ್ದದ್ದು ಹೀಗೆ: ವರ್ಷಕ್ಕೆ 12 ಲಕ್ಷದೊಳಗಿನ ವಹಿವಾಟು, ದಿನಕ್ಕೆ 100 ಲೀಟರ್ ಒಳಗಿನ ತಯಾರಿಕೆ ಇದ್ದರೆ ಬರೀ ನೋಂದಣಿ ಸಾಕು, ವರ್ಷಕ್ಕೆ 100 ರೂಪಾಯಿ. ಅದರ ಮೇಲೆ ಹೋದರೆ ರಾಜ್ಯ ಲೈಸೆನ್ಸು, ಚಿಕ್ಕ ತಯಾರಕರಿಗೆ ವರ್ಷಕ್ಕೆ 3,000. ನಾನು ರಾಜ್ಯ ಲೈಸೆನ್ಸೇ ತಗೊಂಡೆ. ನೀರಿನ ಪರೀಕ್ಷೆ ವರದಿ, ಯಂತ್ರಗಳ ಪಟ್ಟಿ, ಘಟಕದ ನಕ್ಷೆ ಬೇಕು. ಅಧಿಕಾರಿ ಬಂದು ನೋಡಿದರು, ಕಿಟಕಿಗೆ ಜಾಲರಿ ಹಾಕಿಸಿ ಅಂದರು, ಹಾಕಿಸಿದೆವು.

ಅಳತೆಯ ಇಲಾಖೆಯಲ್ಲಿ ಪ್ಯಾಕ್ ಮಾಡುವವರ ನೋಂದಣಿ ಬೇರೆ, 500 ರೂಪಾಯಿ. ಬಹಳ ಜನ ಇದನ್ನು ಮರೆಯುತ್ತಾರೆ. ಡಬ್ಬಿಯ ಮೇಲೆ ಲೀಟರ್ ಜೊತೆ ತೂಕವೂ ಬರೆಯಬೇಕು. ಒಂದು ಲೀಟರ್ ಎಣ್ಣೆ ಒಂದು ಕೆಜಿ ತೂಗುವುದಿಲ್ಲ, 910 ಗ್ರಾಂ ಆಸುಪಾಸು. ಹೃದಯಕ್ಕೆ ಒಳ್ಳೆಯದು, ಸಕ್ಕರೆ ಕಾಯಿಲೆ ಇಳಿಯುತ್ತದೆ ಅಂತೆಲ್ಲಾ ಲೇಬಲ್ಲಿನಲ್ಲಿ ಬರೆಯಬೇಡಿ. ಮುದ್ರಿಸುವವರು ತಾವಾಗಿಯೇ ಸೇರಿಸಿಬಿಡುತ್ತಾರೆ, ನನ್ನದಕ್ಕೂ ಒಂದು ಹೃದಯದ ಚಿತ್ರ ಹಾಕಿದ್ದರು, ತೆಗೆಸಿದೆ. ರಾಜ್ಯದೊಳಗೇ ಮಾರುವುದಾದರೆ ಜಿಎಸ್‌ಟಿಗೆ 40 ಲಕ್ಷದವರೆಗೆ ಬಿಡುವಿದೆ. ಆದರೆ ಪುಣೆಯಲ್ಲಿರುವ ನಮ್ಮ ಕಡೆಯವರು ಕೇಳುತ್ತಿದ್ದರು, ಹೊರರಾಜ್ಯಕ್ಕೆ ಕಳಿಸಲು ನೋಂದಣಿ ಬೇಕೇ ಬೇಕು. ಮಾಡಿಸಿದೆ. ಎಣ್ಣೆಗೆ 5 ಶೇಕಡಾ.

ಅಂಗಡಿಗೆ ತಮ್ಮ ಕ್ಯಾನು ಹಿಡಿದು ಬರುವ ಹಿರಿಯರಿಗೆ ಉತ್ತರ ಹೇಳುವುದು ಇವತ್ತಿಗೂ ಕಷ್ಟ. ಬಿಡಿ ಎಣ್ಣೆ ಮಾರುವಂತಿಲ್ಲ, ಸೀಲ್ ಮಾಡಿಯೇ ಕೊಡಬೇಕು. "ನಮ್ಮಜ್ಜನ ಕಾಲದಿಂದ ಗಾಣಕ್ಕ ತಂಬಿಗಿ ತಗೊಂಡು ಹೋಗ್ತಿದ್ವಿ, ನೀ ಯಾಕ ಇಷ್ಟು ಕಾಯ್ದೆ ಮಾಡ್ತೀವಾ?" ಅಂತಾರೆ. ಅವರು ಹೇಳುವುದರಲ್ಲಿ ತಪ್ಪಿಲ್ಲ. ನನಗೆ ಲೈಸೆನ್ಸು ಬೇಕು.

ಬಾಗಿಲು ತೆರೆದ ಮೇಲೆ

ಗಾಣ ನಡೆಸಲು ಒಬ್ಬ ಹಿರಿಯರು ಸಿಕ್ಕಿದ್ದು ನನ್ನ ಅದೃಷ್ಟ. ಗಾಣಿಗರ ಮನೆಯವರು. ಸದ್ದು ಕೇಳಿಯೇ ಎಣ್ಣೆ ಬಿಟ್ಟಿತೋ ಇಲ್ಲವೋ ಹೇಳುತ್ತಾರೆ, ಯಾವಾಗ ಎಷ್ಟು ಬಿಸಿನೀರು ಚಿಮುಕಿಸಬೇಕು ಅಂತ ಅವರಿಗೆ ಗೊತ್ತು. ಯಂತ್ರ ಮಾರಿದವರ ಪುಸ್ತಕದಲ್ಲಿ ಅದಿಲ್ಲ. ಅವರ ಸಂಬಳವನ್ನು ಯೋಜನಾ ವರದಿಯಲ್ಲಿ ಬರೆದದ್ದಕ್ಕಿಂತ ಜಾಸ್ತಿ ಕೊಡುತ್ತೇನೆ.

ಬೆಂಗಳೂರಿನ ಗಿರಾಕಿಗಳು ಉಳಿದರು. ಸಾರಿಗೆ ಬಸ್ಸಿನ 'ನಮ್ಮ ಕಾರ್ಗೋ'ದಲ್ಲಿ ಡಬ್ಬಿಗಳ ಪೆಟ್ಟಿಗೆ ಕಳಿಸುತ್ತೇನೆ. ಹುಬ್ಬಳ್ಳಿಯಲ್ಲಿ ಮಾತ್ರ ಶುರುವಿಗೆ ಬಂದವರೆಲ್ಲಾ ಕೇಳಿದ್ದು, "ಶೇಂಗಾ ಎಣ್ಣಿ ಇಲ್ಲೇನ್ರಿ?" ಕುಸುಬೆ ಎಣ್ಣೆ ಮೂಸಿ ನೋಡಿ, "ನಮ್ಮವ್ವ ಇದರಾಗ ಒಗ್ಗರಣಿ ಹಾಕ್ತಿದ್ಳು" ಅಂತ ಖುಷಿಪಟ್ಟು, ಶೇಂಗಾ ಎಣ್ಣೆ ಹುಡುಕಿಕೊಂಡು ಮುಂದಿನ ಅಂಗಡಿಗೆ ಹೋದವರೂ ಇದ್ದಾರೆ. ಕೆಲವು ವಾರ ನೋಡಿ ಎರಡನೇ ಗಾಣಕ್ಕೆ ಶೇಂಗಾ ಹಾಕಿದೆ. ಬಾಡಿಗೆ, ಕರೆಂಟು ಈಗ ಶೇಂಗಾದಲ್ಲಿ ಹುಟ್ಟುತ್ತದೆ, ಕಂತು ಕುಸುಬೆಯಲ್ಲಿ. ಬ್ಯಾಂಕಿನ ಮ್ಯಾನೇಜರು ಒಮ್ಮೆ ಬಂದು ಶೇಂಗಾ ಚೀಲ ನೋಡಿ ನಕ್ಕರು. ನಾನೂ ನಕ್ಕೆ. ಕುಸುಬೆ ಉಳಿಯಬೇಕೆಂದರೆ ಅಂಗಡಿ ಬಾಗಿಲು ತೆರೆದಿರಬೇಕಲ್ಲವಾ?

ಕೈಯಿಂದ ಹೋದದ್ದು ಈವರೆಗೆ ನಾಲ್ಕು ಲಕ್ಷದ ಮೇಲೆ. ಆ ಹಾಳೆಯ 6 ಲಕ್ಷ ಇನ್ನೂ ಮುಟ್ಟಿಲ್ಲ. ನನಗೆ ಸಂಬಳ ಅಂತ ಏನೂ ತಗೊಂಡಿಲ್ಲ.

ಯಾರೂ ಮುಂಚೆ ಹೇಳದ ದೊಡ್ಡ ಹೊರೆ ಬೀಜ. ಕುಸುಬೆ ಬರುವುದು ಫೆಬ್ರವರಿ, ಮಾರ್ಚಿನಲ್ಲಿ ಮಾತ್ರ. ವರ್ಷಕ್ಕೆ ಬೇಕಾದ ಬೀಜ ಆಗಲೇ ಕೊಳ್ಳಬೇಕು. ದಿನಕ್ಕೆ ಬರೀ ಹತ್ತು ಲೀಟರ್ ತೆಗೆದರೂ ತಿಂಗಳಿಗೆ ಹತ್ತು ಕ್ವಿಂಟಲ್ ಹೋಗುತ್ತದೆ, ವರ್ಷಕ್ಕೆ ಏಳು ಲಕ್ಷದ ಮಾಲು. ಯೋಜನೆಯ ಸಾಲದಲ್ಲಿ ಇದಕ್ಕೆ ಜಾಗವಿಲ್ಲ. ಮೊದಲ ಹಂಗಾಮಿನಲ್ಲಿ, ಗಾಣ ಇನ್ನೂ ಕೂರಿಸುವ ಮೊದಲೇ, ಕೆಲವು ತಿಂಗಳಿಗಾಗುವಷ್ಟು ಮಾತ್ರ ಕೊಂಡೆ. ಉಳಿದದ್ದನ್ನು ಊರಿನ ರೈತರು ತಮ್ಮ ಮನೆಯಲ್ಲೇ ಇಟ್ಟುಕೊಂಡಿದ್ದಾರೆ, ನಾನು ಒಯ್ದಾಗ ಆ ದಿನದ ದರ ಕೊಡಬೇಕು. ದರ ಏರಿದರೆ ನನ್ನ ಪಾಲಿಗೆ ನಷ್ಟ, ಇಳಿದರೆ ಅವರಿಗೆ. ಈ ಸಲ ಹಾಗೆ ಬೇಡ ಅಂತ ಬಿತ್ತುವ ಮೊದಲೇ ಕೂತು ಮಾತಾಡಿದೆವು. ಬೆಂಬಲ ಬೆಲೆಯ ಮೇಲೆ ಕ್ವಿಂಟಲ್‌ಗೆ 300 ಜಾಸ್ತಿ, ಅರ್ಧ ದುಡ್ಡು ರಾಶಿ ಆದ ಕೂಡಲೇ, ಉಳಿದದ್ದು ದೀಪಾವಳಿಯೊಳಗೆ. ಅಕ್ಕಡಿ ಸಾಲು ಬಿಟ್ಟು ಒಂದು ಎಕರೆ ಪೂರ್ತಿ ಕುಸುಬೆ ಹಾಕಿದವರು ಮೂವರಿದ್ದಾರೆ, ಅವರಲ್ಲಿ ಒಬ್ಬರು ಅಪ್ಪ. ಆ ಅರ್ಧ ದುಡ್ಡಿಗೆ ಉಗ್ರಾಣದ ರಸೀದಿ ಮೇಲೆ, ಅಂದರೆ ಉಗ್ರಾಣದಲ್ಲಿಡುವ ಮಾಲಿನ ರಸೀದಿ ಒತ್ತೆ ಇಟ್ಟು, ಸಾಲ ಕೇಳಿದ್ದೇನೆ, ಅರ್ಜಿ ಈಗ ಬ್ಯಾಂಕಿನಲ್ಲಿದೆ. ನೀವು ಎಣ್ಣೆಕಾಳಿನ ಕೆಲಸಕ್ಕೆ ಇಳಿಯುವುದಾದರೆ ಯಂತ್ರದ ಸಾಲದ ಅರ್ಜಿ ಜೊತೆಗೇ ಇದನ್ನೂ ಹಾಕಿ, ಮತ್ತು ಬೀಜ ಕೊಳ್ಳುವಾಗ ತೇವ ನೋಡುವ ಚಿಕ್ಕ ಯಂತ್ರ ಒಯ್ಯಿರಿ. ಹಸಿ ಬೀಜ ಚೀಲದಲ್ಲಿ ಕೂತರೆ ಬೂಷ್ಟು ಹಿಡಿಯುತ್ತದೆ, ಎಣ್ಣೆ ಬೇಗ ಕಮಟುತ್ತದೆ.